ಜಡೆಗೆಳೆಯ

ಒಬೆಡ್ ಪಾಸ್ಕೋ ಮೂವತ್ತಾರು ವರ್ಷದಿಂದ ಒಂದೇ ಒಂದು ಗಂಟು ಹಾಕಿರಲಿಲ್ಲ. ಅವನ ಬೂಟಿಗೆ ದಾರವಿರಲಿಲ್ಲ, ಷರಾಯಿಗೆ ಲಾಡಿಯಿರಲಿಲ್ಲ. ಹಗ್ಗದಿಂದಲೇ ಹೊಟ್ಟೆ ಹೊರೆಯುವ ಪೋರ್ಟ್ಸ್‌ಮತ್ ಬಂದರಿನಲ್ಲಿ ಇಂಥವನೊಬ್ಬ ಮುದುಕ ಇದ್ದಾನೆಂದರೆ ಜನ ನಗದೆ ಬಿಡುತ್ತಾರೆಯೇ? ನಗುತ್ತಿದ್ದರು. ಅವನ ಕೆಲಸ ಬಿಚ್ಚುವುದು. ಹಡಗುಗಳಿಂದ ಬಂದ ಹಳೆಯ ಹಗ್ಗದ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು, ಎಳೆ ಎಳೆಯಾಗಿ ಬಿಡಿಸಿ ನಾರು ಮಾಡಬೇಕು. ಆ ನಾರನ್ನು ಹಡಗಿನ ಹಲಗೆಗಳ ಸಂದಿಗೆ ತುರುಕಿ ಮೇಲೆ ಡಾಂಬರು ಹುಯ್ಯುತ್ತಾರೆ. ಕೈದಿಗಳ ಕೈಲಿ, ಗತಿಯಿಲ್ಲದವರ ಕೈಲಿ ಮಾಡಿಸುವ ಕೆಲಸ ಅದು. ಒಬೆಡ್ ಅದನ್ನು ತಾನಾಗಿ ಕೇಳಿ ಪಡೆದಿದ್ದ. ಬೆರಳ ತುದಿಗಳು ಒಡೆದು, ಒಣಗಿ, ಮತ್ತೆ ಒಡೆದು ಈಗ ಗೊರಸಿನ ಹಾಗಾಗಿದ್ದವು. ಎಡಗೈಯಂತೂ ಇನ್ನೂ ಹೆಚ್ಚು. ಅವನು ಎಡಚ.

ದಕ್ಕೆಯ ಪಕ್ಕದ ಅವನ ಶೆಡ್ಡಿಗೆ ದಿನಾ ಬರುವವಳು ಒಬ್ಬಳೇ. ಸೀಗಡಿ ಬೇಯಿಸಿ ಮಾರುವ ಟ್ಯಾಮ್ಸಿನ್. ಮೂವತ್ತೆಂಟರ ಗಟ್ಟಿ ಹೆಂಗಸು, ಬಿಸಿನೀರಿಗೆ ಕೆಂಪಾದ ಕೈ, ಇಡೀ ದಕ್ಕೆಗೆ ಕೇಳಿಸುವ ಗಂಟಲು. ಅವಳ ಗಂಡ ಹಡಗುಪಡೆಯಲ್ಲಿದ್ದಾನೆ, ಹೋಗಿ ಎರಡು ವರ್ಷವಾಯಿತು.

"ಏನ್ ಮಾವ, ಬೆಳಗಾಗೆದ್ದು ಹಗ್ಗದ ಕರುಳು ಬಗೀತಾ ಕೂತ್ಯಾ?"

"ನಿನ್ನ ಸೀಗಡಿ ಇವತ್ತೂ ಉಪ್ಪುಪ್ಪಾಗಿದ್ರೆ ನಿನ್ನ ಕರುಳೂ ಬಗೀತೀನಿ."

"ಸಮುದ್ರದಲ್ಲಿ ಹುಟ್ಟಿದ್ದು ಪಾಯಸದ ಥರ ಇರುತ್ತಾ? ತಿನ್ನು ಸುಮ್ನೆ." ಅವಳು ಬುಟ್ಟಿ ಇಳಿಸಿ ಅವನ ಎದುರು ಕುಕ್ಕರಿಸಿದಳು. "ಗೋಡೆ ಮೇಲೆ ಅಂಟಿಸಿರೋದು ನೋಡಿದ್ಯಾ? ಕ್ಯಾಪ್ಟನ್ ಆಶ್‌ಕೂಮ್ ಬರ್ತಾರಂತೆ. ಶನಿವಾರ ಮಧ್ಯಾಹ್ನ ಪ್ರಾರ್ಥನಾ ಮಂದಿರದಲ್ಲಿ ಭಾಷಣ. ಚಾವಟಿ ಏಟು ನಿಲ್ಲಿಸಬೇಕು ಅಂತ ಪಾರ್ಲಿಮೆಂಟಿಗೆ ಮನವಿ ಬರ್ಸಿದಾರಂತೆ. ಸಹಿ ಬರದಿದ್ರೂ ನಾನೂ ಅದಕ್ಕೆ ಗುರುತು ಹಾಕ್ತೀನಿ. ದೇವರಂಥ ಮನುಷ್ಯ ಮಾವ ಅವ್ರು."

ಒಬೆಡ್ ಹಗ್ಗ ಬಿಚ್ಚುವುದನ್ನು ನಿಲ್ಲಿಸಿದ.

"ಅಪ್ಪನ ಹಡಗಿಗೂ ಅವ್ರೇ ಕ್ಯಾಪ್ಟನ್ ಆಗಿದ್ರು ಅಂತಾರೆ, ಹೌದಾ?"

"ಸ್ವಲ್ಪ ದಿನ."

"ಪುಣ್ಯ. ಅಪ್ಪ ಜ್ವರ ಬಂದೇ ಸತ್ತಿರಲಿ, ಒಳ್ಳೆಯವರ ಕೈಕೆಳಗೆ ಸತ್ತನಲ್ಲ. ನನ್ನ ಗಂಡನ ಕ್ಯಾಪ್ಟನ್ ಇದಾನೆ, ಕೆಮ್ಮಿದ್ರೆ ಚಾವಟಿ, ಕೆಮ್ಮದಿದ್ರೆ ಚಾವಟಿ. ಕಾಗದದಲ್ಲಿ ಬರ್ಸಿದ್ದ." ಅವಳು ಎದ್ದು ಬುಟ್ಟಿ ತಲೆಗೇರಿಸಿದಳು. "ನೀನೂ ಬರಬೇಕು. ಮುಖ ಗಂಟಿಕ್ಕೊಂಡು ಇಲ್ಲೇ ಕೂತ್ಕೊಂಡ್ರೆ ಎಳ್ಕೊಂಡು ಹೋಗ್ತೀನಿ."

ಜಾಗೋ ಪೆಂಡರ್ ಅವಳ ಅಪ್ಪ. ಅವನು ಸತ್ತಾಗ ಅವಳಿಗೆ ಎರಡು ವರ್ಷ. ಗಂಡನ ಹಡಗು ಬರುತ್ತದೆಂದು ತಾಯಿ ಮಗುವನ್ನೆತ್ತಿಕೊಂಡು ಕಾರ್ನ್‌ವಾಲಿನಿಂದ ಇಲ್ಲಿಗೆ ನಡೆದು ಬಂದಳು, ಇಲ್ಲೇ ಉಳಿದಳು, ಇಲ್ಲೇ ಸತ್ತಳು. ಟ್ಯಾಮ್ಸಿನ್‌ಗೆ ಅಪ್ಪನ ಬಗ್ಗೆ ಗೊತ್ತಿರುವುದೆಲ್ಲ ಒಬೆಡ್ ಹೇಳಿದ್ದು. ಅವನು ಮಂಗನ ಹಾಗೆ ಹಾಯಿಕಂಬ ಹತ್ತುತ್ತಿದ್ದದ್ದು, ಬಿಸ್ಕತ್ತಿನೊಳಗಿನ ಹುಳುಗಳಿಗೆ ಅಧಿಕಾರಿಗಳ ಹೆಸರಿಟ್ಟು ಕರೆಯುತ್ತಿದ್ದದ್ದು, ಮಗಳಿಗೆಂದು ತಿಮಿಂಗಿಲದ ಹಲ್ಲಿನಲ್ಲಿ ಬಾತುಕೋಳಿ ಕೆತ್ತಲು ಹೋಗಿ ಅದು ಹಂದಿಯಾದದ್ದು. ಎಲ್ಲ ಹೇಳಿದ್ದ. ಒಂದು ಮಾತ್ರ ಹೇಳಿರಲಿಲ್ಲ. ಆ ಒಂದನ್ನು ಹೇಳಿದ ದಿನ ಅವಳು ಬುಟ್ಟಿ ಹೊತ್ತು ಈ ಬಾಗಿಲಿಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಜಾಗೋ ಮತ್ತು ಒಬೆಡ್ ಜಡೆಗೆಳೆಯರು. ಆಗಿನ ನಾವಿಕರು ಸೊಂಟದವರೆಗೆ ಕೂದಲು ಬಿಡುತ್ತಿದ್ದರು. ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳಲಾಗುವುದಿಲ್ಲವಲ್ಲ, ಅದಕ್ಕೆ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ. ಭಾನುವಾರ ಮಧ್ಯಾಹ್ನ ಒಬ್ಬ ಬೆನ್ನು ಕೊಟ್ಟು ಕೂರಬೇಕು, ಇನ್ನೊಬ್ಬ ಹಿಂದೆ ಕೂತು ಬಾಚಿ, ಡಾಂಬರು ಸವರಿ ಹೆಣೆಯಬೇಕು. ಆಮೇಲೆ ಜಾಗ ಬದಲಿಸಬೇಕು. ಜಗಳವಾಡಿದವನ ಕೈಗೆ ಯಾರೂ ತಲೆ ಕೊಡುವುದಿಲ್ಲ. ಹೆಂಡತಿಗೆ ಹೇಳದ್ದನ್ನೂ ಜಡೆಗೆಳೆಯನಿಗೆ ಹೇಳುತ್ತಿದ್ದರು, ಮುಖ ನೋಡಬೇಕಾಗಿರಲಿಲ್ಲವಾದ್ದರಿಂದ.

"ಬಿಗಿಯಾಗಿ ಕಟ್ಟೋ ಒಬೆಡ್," ಎನ್ನುತ್ತಿದ್ದ ಜಾಗೋ ಪ್ರತಿ ಸಲವೂ. "ಗಾಳಿಗೆ ಬಿಚ್ಚಬಾರದು."

ಈಗಲೂ ಅವನು ಬರುತ್ತಾನೆ. ನಡುರಾತ್ರಿ ಕಿಟಕಿ ಬಡಿದು ಬರುವ ದೆವ್ವವಲ್ಲ ಅವನು. ಭಾನುವಾರ, ಹಾಡುಹಗಲು, ಊಟ ಮುಗಿದ ಹೊತ್ತಿಗೆ. ಶೆಡ್ಡಿನ ನೆಲದ ಮೇಲೆ, ಒಬೆಡ್‌ನ ಮಂಡಿಯ ಮುಂದೆ, ಬೆನ್ನು ಮಾಡಿ ಕೂತುಕೊಳ್ಳುತ್ತಾನೆ. ಮುಖ ತೋರಿಸಿದ್ದಿಲ್ಲ. ಮಾತಾಡಿದ್ದಿಲ್ಲ. ಅಂಗಿಯಿಲ್ಲದ ಬೆನ್ನು, ಕೆದರಿದ ಕೂದಲು. ತನ್ನ ಸರದಿಗೆ ಕಾಯುವವನ ಹಾಗೆ ತಲೆ ತುಸು ಹಿಂದಕ್ಕೆ ಚಾಚಿಕೊಂಡು ಸಂಜೆಯವರೆಗೂ ಕೂತಿರುತ್ತಾನೆ. ಒಬೆಡ್ ಅವನ ತಲೆಯ ಮೇಲಿಂದ ಹಗ್ಗ ಬಿಚ್ಚುತ್ತಲೇ ಇರುತ್ತಾನೆ. ಭಯವೇನೂ ಆಗುವುದಿಲ್ಲ. ನಾಚಿಕೆಯಾಗುತ್ತದೆ.

ಗುರುವಾರ ಕ್ಯಾಪ್ಟನ್ ಆಶ್‌ಕೂಮ್ ಖುದ್ದಾಗಿ ಶೆಡ್ಡಿಗೆ ಬಂದ.

ಆ ಮನುಷ್ಯನ ಬಗ್ಗೆ ಸುಳ್ಳು ಹೇಳಬಾರದು. ಇಪ್ಪತ್ತಾರನೇ ವಯಸ್ಸಿಗೇ ಹಡಗೊಂದರ ಒಡೆಯನಾದ. ಯುದ್ಧ ಮುಗಿದ ಮೇಲೆ ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂರಬೇಕಾಯಿತು, ಕೂತಲ್ಲಿ ಯೋಚಿಸತೊಡಗಿದ. ಬೆಸ್ತರ ದೋಣಿಗಳಿಂದ ಜನರನ್ನು ಬಲವಂತವಾಗಿ ಹಿಡಿದು ಹಡಗಿಗೆ ಸೇರಿಸುವುದು ಅನ್ಯಾಯ ಎಂದು ಬರೆದ. ನಾವಿಕನ ಬೆನ್ನೂ ಬೆನ್ನೇ ಎಂದು ಬರೆದ. ದೊಡ್ಡವರ ಔತಣಗಳಿಗೆ ಕರೆಯುವುದು ನಿಂತುಹೋಯಿತು, ಬರಬೇಕಾದ ಬಡ್ತಿ ಬರಲಿಲ್ಲ. ಬಿಡಲಿಲ್ಲ. ಇಪ್ಪತ್ತು ವರ್ಷ ಊರೂರು ಸುತ್ತಿ, ನೆಗಡಿ ಹಿಡಿದ ಗಂಟಲಲ್ಲಿ ಅದನ್ನೇ ಹೇಳಿದ. ಅದಷ್ಟೂ ನಿಜ. ನಿಜವಾದ್ದರಿಂದಲೇ ಈ ಕಥೆ ಹೇಳುವುದು ಕಷ್ಟ.

ಒಬೆಡ್ ಎದ್ದು ನಿಂತ. ಮೂವತ್ತಾರು ವರ್ಷವಾದರೂ ಸಲಾಮಿಗೆ ಕೈ ತಾನಾಗಿ ಹಣೆಗೆ ಹೋಯಿತು. ಆ ಕೈಯನ್ನು ಬೈದುಕೊಂಡ.

"ಕೂತ್ಕೋ ಪಾಸ್ಕೋ, ಕೂತ್ಕೋ. ನಿನ್ನನ್ನ ಹುಡುಕ್ಸೋದಕ್ಕೆ ಆರು ತಿಂಗಳು ಬೇಕಾಯ್ತು." ಕ್ಯಾಪ್ಟನ್ ಹಗ್ಗದ ರಾಶಿಯ ಮೇಲೆ ಕರವಸ್ತ್ರ ಹಾಸಿ ಕೂತ. ತೆಳ್ಳಗೆ, ಬೆಳ್ಳಗೆ, ಕುತ್ತಿಗೆಯ ಪಟ್ಟಿ ನೀಟಾಗಿ. "ಹೊಸ ಪುಸ್ತಕದಿಂದ ಒಂದು ಭಾಗ ಓದ್ತೀನಿ. ತಪ್ಪಿದ್ರೆ ಹೇಳು."

ಓದಿದ. ಒಂದು ಹಡಗು. ಒಬ್ಬ ಕ್ರೂರ ಕ್ಯಾಪ್ಟನ್, ಈಗ ಬದುಕಿಲ್ಲ. ಒಬ್ಬ ಬಡಪಾಯಿ ನಾವಿಕ, ಹೆಸರಿಲ್ಲ. ಆಮೇಲೆ ಒಬ್ಬ ಸೀಟಿ ಮೇಸ್ತ್ರಿ, ಅಂದರೆ ಸೀಟಿ ಊದಿ ಜನರನ್ನು ಕೆಲಸಕ್ಕೆ ಎಬ್ಬಿಸುವವನು, ಅಪ್ಪಣೆಯಾದಾಗ ಚಾವಟಿ ಬೀಸುವವನು. ಆ ಮೇಸ್ತ್ರಿ ಎಡಚ. 'ಮೃಗಸ್ವಭಾವದವನು, ತನ್ನ ಕೆಲಸದಲ್ಲಿ ಸುಖ ಕಾಣುತ್ತಿದ್ದವನು' ಎಂದಿತ್ತು.

"ಆ ಮೇಸ್ತ್ರಿ ನಾನು, ದೊರೆ."

"ಬರವಣಿಗೆಯಲ್ಲಿ ಸ್ವಲ್ಪ ಬಣ್ಣ ಬೇಕಾಗುತ್ತೆ. ನಿನ್ನ ಹೆಸರು ಹಾಕಿಲ್ಲವಲ್ಲ."

"ಸತ್ತೋನ ಹೆಸರೂ ಹಾಕಿಲ್ಲ."

"ಮೂವತ್ತಾರು ವರ್ಷದ ಹಿಂದಿನ ಮಾತು. ನೆನಪಿಲ್ಲ."

"ಹೊಡೀರಿ ಅಂದ ಕ್ಯಾಪ್ಟನ್ ಸತ್ತಿದಾನೆ ಅಂತ ಬರೆದಿದೀರಿ. ನೀವು ಇಲ್ಲೇ ಕೂತಿದೀರಲ್ಲ ದೊರೆ."

ಕ್ಯಾಪ್ಟನ್ ಪುಸ್ತಕ ಮುಚ್ಚಿದ. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಒಬೆಡ್‌ಗೆ ಸುಲಭವಾಗುತ್ತಿತ್ತು.

"ನೋಡು ಪಾಸ್ಕೋ. ಪಾರ್ಲಿಮೆಂಟಿನಲ್ಲಿ ಕಾದು ಕೂತಿದಾರೆ, ನನ್ನ ಮೇಲೆ ಒಂದು ಕಳಂಕ ಸಿಗಲಿ ಅಂತ. ಈ ಹೆಸರು ಹೊರಗೆ ಬಂದ್ರೆ ಮನವಿ ಸತ್ತ ಹಾಗೆ. ಈಗಲೂ ಹಡಗುಗಳಲ್ಲಿ ಎಷ್ಟು ಜನ ಚಾವಟಿಗೆ ಬೆನ್ನೊಡ್ಡಿ ನಿಂತಿದಾರೆ ಯೋಚನೆ ಮಾಡು. ಸತ್ತ ಒಬ್ಬನಿಗೋಸ್ಕರ ಬದುಕಿರೋ ಸಾವಿರ ಬೆನ್ನು ಬಲಿ ಕೊಡ್ತೀಯಾ?"

ಒಬೆಡ್‌ಗೆ ಟ್ಯಾಮ್ಸಿನ್‌ಳ ಗಂಡನ ಬೆನ್ನು ನೆನಪಾಯಿತು. ಓದಿದವರ ಹತ್ತಿರ ಯಾವಾಗಲೂ ಇಂಥದೊಂದು ಲೆಕ್ಕ ಸಿದ್ಧವಾಗಿರುತ್ತದೆ, ಮತ್ತು ಅದರಲ್ಲಿ ಕಳೆದುಹೋಗುವ ಒಬ್ಬ ಯಾವಾಗಲೂ ನಮ್ಮವನೇ ಆಗಿರುತ್ತಾನೆ.

ಕ್ಯಾಪ್ಟನ್ ಒಂದು ಪೊಟ್ಟಣ ಕೊಟ್ಟ. ಒಳಗೆ ಹೊಸ ಸೆಣಬಿನ ಹುರಿ, ಹಿಡಿಗೆ ಸುತ್ತಬೇಕಾದ ಹಗ್ಗ, ಒಂದು ಕೆಂಪು ಬಟ್ಟೆಯ ಚೀಲ.

"ಶನಿವಾರ ನೀನು ವೇದಿಕೆಗೆ ಬರಬೇಕು. ಆಗ ಮಾಡ್ತಿದ್ದ ಹಾಗೇ ಒಂದು ಚಾವಟಿ ಹೆಣೆದು ಆ ಚೀಲದಲ್ಲಿ ಹಾಕಿ ತಾ. ಚೌಕಟ್ಟಿಗೆ ಕುರಿಚರ್ಮ ಬಿಗಿಸಿಟ್ಟಿರ್ತೀವಿ. ಅದರ ಮೇಲೆ ಹನ್ನೆರಡು ಏಟು. ಜನ ಕಣ್ಣಾರೆ ನೋಡಲಿ. ಮಾತು ನಾನು ಆಡ್ತೀನಿ. ನೀನು ಸುಮ್ನೆ ತಲೆ ಬಗ್ಗಿಸಿ ನಿಂತ್ರೆ ಸಾಕು."

ಹೊರಡುವಾಗ ಜೇಬಿನಿಂದ ಗಡಿಯಾರ ತೆಗೆದು ನೋಡಿದ. ಬೆಳ್ಳಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಟಕ್ಕೆಂದು ಮುಚ್ಚಿದ. ಆ ಸದ್ದು ಒಬೆಡ್‌ಗೆ ಗೊತ್ತಿತ್ತು. ಅದೇ ಗಡಿಯಾರ.

ಆ ಗಡಿಯಾರವನ್ನು ಹಿಡಿದೇ ಅವನು ಆಗಲೂ ನಿಲ್ಲುತ್ತಿದ್ದದ್ದು. ಪೆಲಿಯಾಸ್ ಎಂಬ ಹಡಗು. ಹಾಯಿ ಮಡಿಸಲು ಇಷ್ಟೇ ನಿಮಿಷ. ಮಡಿಸಿ ಕೆಳಗಿಳಿಯುವವರಲ್ಲಿ ಕೊನೆಯವನಿಗೆ ಚಾವಟಿ. ಇದು ಅವನ ನಿಯಮ. ಹಾಯಿಯ ಅಡ್ಡಮರದ ಮೇಲೆ ಸಾಲಾಗಿ ನಿಂತಾಗ ತುತ್ತತುದಿಗೆ ಹೋಗುವವನು ಎಲ್ಲರಿಗಿಂತ ಗಟ್ಟಿಗ, ಅಲ್ಲಿಗೆ ಹೋಗಲು ಎದೆ ಬೇಕು. ತುದಿಗೆ ಹೋದವನು ವಾಪಸು ಬರುವುದು ಎಲ್ಲರಿಗಿಂತ ಕೊನೆಗೇ. ಬೇರೆ ದಾರಿಯಿಲ್ಲ. ಹೀಗಾಗಿ ಆ ಹಡಗಿನಲ್ಲಿ ಏಟು ತಿನ್ನುತ್ತಿದ್ದವರು ಸೋಮಾರಿಗಳಲ್ಲ, ಅತ್ಯಂತ ಒಳ್ಳೆಯ ಕೆಲಸಗಾರರು.

ಜಾಗೋ ತುದಿಯವನು. ಸೆಪ್ಟೆಂಬರಿನ ಒಂದು ಗುರುವಾರ, ಮೂರನೇ ಸಲ ಅವನ ಹೆಸರು ಕೂಗಿದಾಗ ಅವನು ಸುಮ್ಮನೆ ಹೋಗಿ ಅಂಗಿ ಬಿಚ್ಚಲಿಲ್ಲ. ಕ್ಯಾಪ್ಟನ್‌ನ ಮುಂದೆ ನಿಂತ. ಅಂಗೈ ಹಗ್ಗಕ್ಕೆ ಉಜ್ಜಿ ರಕ್ತ ಬರುತ್ತಿತ್ತು.

"ತುದೀಲಿರೋನು ಕೊನೆಗೇ ಇಳಿಯೋದು ದೊರೆ. ಮೊದ್ಲು ಇಳೀಬೇಕು ಅಂದ್ರೆ ತುದಿಗೆ ಯಾರು ಹೋಗ್ತಾರೆ? ನೀವು ಹೋಗ್ತೀರಾ?"

ಯಾರೋ ಒಬ್ಬ ನಕ್ಕ. ಆ ನಗೆಯೇ ಜಾಗೋನನ್ನು ಕೊಂದಿತು. ಬರೀ ಹನ್ನೆರಡಿದ್ದದ್ದು, ಎದುರು ಮಾತಾಡಿದ ತಪ್ಪಿಗೆ ನಲವತ್ತೆಂಟಾಯಿತು.

ಚಾವಟಿಯನ್ನು ಹೆಣೆಯಬೇಕಾದವನು ಸೀಟಿ ಮೇಸ್ತ್ರಿಯೇ. ಪ್ರತಿ ಶಿಕ್ಷೆಗೂ ಹೊಸದು. ಒಬೆಡ್ ಆ ಬೆಳಿಗ್ಗೆ ಕೂತು ಚಾವಟಿಯ ಒಂಬತ್ತು ಬಾಲ ಹೆಣೆದ. ನಾಲ್ಕು ದಿನದ ಹಿಂದೆ ಅದೇ ಬೆರಳುಗಳಿಂದ, ಅದೇ ಮೂರೆಳೆಯ ಹೆಣಿಗೆಯಲ್ಲಿ ಜಾಗೋನ ಜಡೆ ಹಾಕಿದ್ದ. ಏಟು ಮೆಲ್ಲಗೆ ಹಾಕಿದರೆ ಮೇಸ್ತ್ರಿಯನ್ನೇ ಕಟ್ಟಿ ಹೊಡೆಸುತ್ತಾರೆ, ಇದು ಎಲ್ಲರಿಗೂ ಗೊತ್ತು. ಬಲಗೈಯವನು ಮೊದಲು ಹನ್ನೆರಡು ಹೊಡೆಯುತ್ತಾನೆ. ಆಮೇಲೆ ಎಡಚ ಬರುತ್ತಾನೆ. ಅವನ ಏಟು ಮೊದಲಿನ ಗೆರೆಗಳಿಗೆ ಅಡ್ಡಡ್ಡ ಬೀಳುತ್ತದೆ, ಮಾಂಸ ಚೌಕ ಚೌಕವಾಗಿ ಕಿತ್ತು ಬರುತ್ತದೆ. ಎಡಚ ಮೇಸ್ತ್ರಿಗಳಿಗೆ ಹಡಗುಪಡೆಯಲ್ಲಿ ಬೇಡಿಕೆ ಇದ್ದದ್ದು ಇದಕ್ಕೇ.

ಮರದ ಜಾಲರಿಗೆ ಜಾಗೋನ ಕೈಗಳನ್ನು ಕಟ್ಟಿದ್ದರು. ಜಡೆ ಬೆನ್ನಿನ ಮೇಲಿತ್ತು. ಒಬೆಡ್ ಹತ್ತಿರ ಹೋಗಿ ಅದನ್ನೆತ್ತಿ ಭುಜದ ಮೇಲಿಂದ ಮುಂದಕ್ಕೆ ಹಾಕಿದ. ಜಾಗೋ ಜಡೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಒಬೆಡ್‌ನ ಕಡೆ ತಿರುಗಲಿಲ್ಲ. ಅದಾದ ಮೇಲೂ ತಿರುಗಿಲ್ಲ.

ನಾಲ್ಕನೇ ಹನ್ನೆರಡು ಮತ್ತೆ ಒಬೆಡ್‌ನದು. ಎಣಿಸುತ್ತಿದ್ದ ಕಾವಲಿನ ಅಧಿಕಾರಿಗೆ ವಯಸ್ಸು ಐವತ್ತು ದಾಟಿತ್ತು, ಅವನಿಗೂ ಮಕ್ಕಳಿದ್ದರು. ನಲವತ್ತು ಎಂದ. ಮುಂದಿನ ಏಟಿಗೆ ಧ್ವನಿ ಬದಲಿಸದೆ ನಲವತ್ತಮೂರು ಎಂದ. ಕರುಣೆಯೆಂದರೆ ಆ ಹಡಗಿನಲ್ಲಿ ಅಷ್ಟೇ ಇತ್ತು, ಎರಡು ಏಟಿನಷ್ಟು. ಕ್ಯಾಪ್ಟನ್ ಗಡಿಯಾರದಿಂದ ಕಣ್ಣೆತ್ತಲಿಲ್ಲ.

"ನಲವತ್ತೊಂದು," ಎಂದ.

ಬೇಕೆಂದು ಕ್ರೌರ್ಯ ಮಾಡಿದ್ದಲ್ಲ ಅದು. ಅವನಿಗೆ ತಪ್ಪು ಲೆಕ್ಕ ಸಹಿಸಲಾಗುತ್ತಿರಲಿಲ್ಲ. ನೀರಿನ ಆಳವನ್ನು ಅರ್ಧ ಮಾರು ತಪ್ಪು ಬರೆದರೂ ದಿನಚರಿಯ ಹಾಳೆ ಹರಿಸಿ ಮತ್ತೆ ಬರೆಸುತ್ತಿದ್ದ. ಆ ಎರಡು ಏಟನ್ನೂ ಒಬೆಡ್ ಹೊಡೆದ.

ಐದನೇ ದಿನ ಜಾಗೋ ಸತ್ತ. ದಿನಚರಿಯಲ್ಲಿ 'ಜ್ವರ' ಎಂದು ಬರೆದರು. ಹೆಣವನ್ನು ಹಾಯಿಬಟ್ಟೆಯಲ್ಲಿ ಹೊಲಿಯುವ ಮೊದಲು ಒಬೆಡ್ ಜಡೆಯನ್ನು ಬುಡದಲ್ಲಿ ಕತ್ತರಿಸಿಕೊಂಡ. ತನ್ನ ಜಡೆಯನ್ನೂ ಕತ್ತರಿಸಿ ಸಮುದ್ರಕ್ಕೆ ಎಸೆದ. ಹೆಣೆಯಲು ಯಾರೂ ಇರಲಿಲ್ಲ.

ಶುಕ್ರವಾರ ಅವನು ಕ್ಯಾಪ್ಟನ್ ಕೊಟ್ಟ ಪೊಟ್ಟಣ ಬಿಚ್ಚಿ ಕೂತ. ಮೂರು ಎಳೆ ಎತ್ತಿಕೊಂಡ. ಬೆರಳು ಮರೆತಿರಲಿಲ್ಲ. ಒಂದು ಸುತ್ತು, ಎರಡು ಸುತ್ತು, ತಾವಾಗಿ ಓಡಿದವು. ತಲೆಯೆತ್ತಿದರೆ ಮುಂದೆ ಜಾಗೋ ಕೂತಿದ್ದ. ಭಾನುವಾರವಲ್ಲ, ಆದರೂ ಬಂದಿದ್ದ. ತನಗಾಗಿಯೇ ಹೆಣೆಯುತ್ತಿದ್ದಾನೆ ಎಂದುಕೊಂಡಿದ್ದನೋ ಏನೋ, ಕೂದಲನ್ನು ಹಿಂದಕ್ಕೆ ಸರಿಸಿಕೊಂಡು, ಕುತ್ತಿಗೆ ನೀಡಿ ಕಾಯುತ್ತಿದ್ದ.

ಒಬೆಡ್ ಹುರಿಯನ್ನು ಎಸೆದ. ಮುದುಕ ಬಾಯಿಬಿಟ್ಟು ಅತ್ತ. ದಕ್ಕೆಯಲ್ಲಿ ಹೋಗುತ್ತಿದ್ದವರು ಕುಡಿದಿದ್ದಾನೆ ಎಂದುಕೊಂಡರು. ಆಮೇಲೆ ಎದ್ದು ಪೆಟ್ಟಿಗೆಯ ತಳದಿಂದ ಬಟ್ಟೆಯ ಗಂಟನ್ನು ತೆಗೆದ. ಮೂವತ್ತಾರು ವರ್ಷದ ಹಿಂದೆ ಬೇರೆ ಯಾರೋ ಕಟ್ಟಿಕೊಟ್ಟಿದ್ದ ಗಂಟು. ಅದರಲ್ಲಿದ್ದದ್ದನ್ನು ಕೆಂಪು ಚೀಲಕ್ಕೆ ಹಾಕಿದ.

ಶನಿವಾರ ಮಧ್ಯಾಹ್ನ ಪ್ರಾರ್ಥನಾ ಮಂದಿರ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಟೋಪಿಯ ಹೆಂಗಸರು, ವಕೀಲರು, ಪತ್ರಿಕೆಯವರು. ಹಿಂದೆ ಬಂದರಿನ ಕೂಲಿಗಳು, ಕಾಲು ಕಳೆದುಕೊಂಡ ನಾವಿಕರು, ನಾವಿಕರ ಹೆಂಡಂದಿರು. ಟ್ಯಾಮ್ಸಿನ್ ಮೊಣಕೈಯಿಂದ ದಾರಿ ಮಾಡಿಕೊಂಡು ಮೂರನೇ ಸಾಲಿಗೆ ಬಂದು ಕೂತಿದ್ದಳು. ಅವಳ ಸೀಗಡಿಯ ವಾಸನೆಗೆ ಪಕ್ಕದ ಅಮ್ಮಣ್ಣಿ ಮೂಗಿಗೆ ಬಟ್ಟೆ ಹಿಡಿದಿದ್ದಳು.

ವೇದಿಕೆಯ ಮೇಲೆ ಚೌಕಟ್ಟು, ಅದಕ್ಕೆ ಬಿಗಿದ ಕುರಿಚರ್ಮ. ಸರಿಯಾಗಿ ಒಬ್ಬ ಮನುಷ್ಯನ ಬೆನ್ನಿನ ಎತ್ತರಕ್ಕೆ.

ಕ್ಯಾಪ್ಟನ್ ಚೆನ್ನಾಗಿ ಮಾತಾಡಿದ. ಮೇಜಿನ ಮೇಲೆ ಗಡಿಯಾರ ಬಿಚ್ಚಿಟ್ಟುಕೊಂಡು, ಅರ್ಧ ಗಂಟೆಯನ್ನು ಸರಿಯಾಗಿ ಅರ್ಧ ಗಂಟೆಯಲ್ಲಿ ಮುಗಿಸಿದ. ಹೆಂಗಸರು ಕಣ್ಣೊರೆಸಿಕೊಂಡರು. ಸತ್ತ ನಾವಿಕನ ಕಥೆ ಬಂದಾಗ ಟ್ಯಾಮ್ಸಿನ್ ಕೂಡ ಸೆರಗಿನಂತೆ ಹೊದ್ದ ಶಾಲಿನಲ್ಲಿ ಮೂಗು ಒರೆಸಿಕೊಂಡಳು, ಅದು ಯಾರ ಕಥೆಯೆಂದು ತಿಳಿಯದೆ. ಒಬೆಡ್‌ಗೆ ಅದನ್ನು ನೋಡಲಾಗಲಿಲ್ಲ.

"ಆ ಹಳೆಯ ಕ್ರೌರ್ಯದ ಕೈ ಇವತ್ತು ಇಲ್ಲಿದೆ," ಎಂದ ಕ್ಯಾಪ್ಟನ್. "ಪಶ್ಚಾತ್ತಾಪ ಪಟ್ಟು ಬಂದಿದೆ. ಪಾಸ್ಕೋ, ಚೀಲ ಬಿಚ್ಚು."

ಒಬೆಡ್ ವೇದಿಕೆ ಹತ್ತಿದ. ಜನ ಉಸಿರು ಹಿಡಿದರು. ಕೆಂಪು ಚೀಲಕ್ಕೆ ಕೈ ಹಾಕಿ ಹೊರಗೆಳೆದ. ಚಾವಟಿಯಲ್ಲ. ಮೊಳಕ್ಕಿಂತ ಉದ್ದದ, ಡಾಂಬರು ಹಿಡಿದು ಕಪ್ಪಾದ, ಮನುಷ್ಯನ ಕೂದಲಿನ ಜಡೆ.

"ಚಾವಟಿ ಎಲ್ಲಿ?" ಕ್ಯಾಪ್ಟನ್ ತಗ್ಗಿದ ಧ್ವನಿಯಲ್ಲಿ ಕೇಳಿದ.

"ಮಾಡ್ಲಿಲ್ಲ ದೊರೆ. ಮಾಡೋದೂ ಇಲ್ಲ."

"ಪಾಸ್ಕೋ, ಇಳಿ ಕೆಳಗೆ."

"ಇಳಿಯಲ್ಲ." ಜೀವಮಾನದಲ್ಲಿ ಮೊದಲ ಸಲ ಅವನ ಕೈ ಹಣೆಗೆ ಹೋಗಲಿಲ್ಲ. ಅವನು ಸಭೆಯ ಕಡೆ ನೋಡಲಿಲ್ಲ, ಮೂರನೇ ಸಾಲಿನತ್ತ ನೋಡಿದ. "ಟ್ಯಾಮ್ಸಿ, ಮಗಳೇ. ಇದು ನಿಮ್ಮಪ್ಪನ ಜಡೆ. ಅವ್ನು ಜ್ವರ ಬಂದು ಸಾಯ್ಲಿಲ್ಲ. ಇವ್ರು ಈಗ ಹೇಳಿದ್ರಲ್ಲ, ಅದು ಅವನ ಕಥೆ. ಹೊಡೀರಿ ಅಂದಿದ್ದು ಸತ್ತೋನಲ್ಲ, ಇಲ್ಲೇ ನಿಂತಿರೋ ಇವ್ರು. ಹೊಡೆದಿದ್ದು ನಾನು. ಅರ್ಧ ಏಟು ಬೇರೆಯೋನು, ಅರ್ಧ ನಾನು. ಈ ಎಡಗೈ."

ಟ್ಯಾಮ್ಸಿನ್ ಎದ್ದು ನಿಂತಳು. ಬಾಯಿಂದ ಶಬ್ದ ಬರಲಿಲ್ಲ. ಆ ಗಂಟಲಿನಿಂದ ಶಬ್ದ ಬರದಿದ್ದದ್ದನ್ನು ದಕ್ಕೆಯವರು ಅದೇ ಮೊದಲು ನೋಡಿದ್ದು.

ಗುಜುಗುಜು ಎದ್ದಿತು. ಕ್ಯಾಪ್ಟನ್ ಎರಡೂ ಕೈ ಎತ್ತಿದ. ಧ್ವನಿಯಲ್ಲಿ ಮರುಕವಿತ್ತು. "ಸ್ನೇಹಿತರೇ, ಈ ವೃದ್ಧನ ಮೇಲೆ ಕೋಪ ಬೇಡ. ಸಂಕಟ ಅವನ ನೆನಪನ್ನ ಕಲಕಿಬಿಟ್ಟಿದೆ. ಅದು ನನ್ನ ಹಡಗಲ್ಲ. ನಾನು ಆ ಶಿಕ್ಷೆ ಕಂಡವನೂ ಅಲ್ಲ, ಆ ನಾವಿಕನ ಹೆಸರು ಕೇಳಿದವನೂ ಅಲ್ಲ. ಬೇರೆಯವರು ಹೇಳಿದ್ದನ್ನ ಬರೆದೆ."

ಮುಂದಿನ ಸಾಲಿನವರು ತಲೆಯಾಡಿಸಿದರು. ಯಾರ ಮಾತು ನಂಬಬೇಕೆಂಬ ಗೊಂದಲ ಅವರಿಗಿರಲಿಲ್ಲ. ಪತ್ರಿಕೆಯವನೊಬ್ಬ ಪೆನ್ಸಿಲ್ ಕೆಳಗಿಟ್ಟ.

ಒಬೆಡ್ ಮೇಜಿನ ಮೇಲಿದ್ದ ಗಡಿಯಾರವನ್ನು ನೋಡಿದ.

"ಇರಬಹುದು ದೊರೆ," ಎಂದ ಮೆಲ್ಲಗೆ. "ವಯಸ್ಸಾಯ್ತು. ಕಲಸುಮೇಲೋಗರ ಆಗಿರಬಹುದು. ನಾನು ಹೇಳ್ತಿರೋದು ಸೆಪ್ಟೆಂಬರಿನ ಆ ಗುರುವಾರದ್ದು. ಜಾಗೋ ಪೆಂಡರಿಗೆ ಬಿದ್ದ ನಲವತ್ತಾರು ಏಟಿಂದು."

"ನಲವತ್ತೆಂಟು," ಎಂದ ಕ್ಯಾಪ್ಟನ್.

ತಿದ್ದಿದ ಮೇಲೆ ಅವನಿಗೇ ಕೇಳಿಸಿತು. ಹೆಬ್ಬೆರಳು ಗಡಿಯಾರದ ಮುಚ್ಚಳದ ಮೇಲಿತ್ತು, ಅಲ್ಲೇ ನಿಂತಿತು. ಕ್ಯಾಪ್ಟನ್ ಆಶ್‌ಕೂಮ್‌ನ ಮುಖ ಒಮ್ಮೆಗೇ ಮುದುಕನ ಮುಖವಾಯಿತು. ಅವನು ಕುರಿಚರ್ಮದ ಕಡೆ ನೋಡುತ್ತಿದ್ದ. ಅಲ್ಲಿ ಅವನಿಗೂ ಯಾರದೋ ಬೆನ್ನು ಕಾಣುತ್ತಿತ್ತು ಎಂದು ಒಬೆಡ್‌ಗೆ ಅನ್ನಿಸಿತು. ಇಪ್ಪತ್ತು ವರ್ಷ ಊರೂರು ತಿರುಗಿದ್ದು ಯಾರಿಂದ ತಪ್ಪಿಸಿಕೊಳ್ಳಲೆಂಬುದೂ ಅರ್ಥವಾಯಿತು. ಅರ್ಥವಾಯಿತು, ಆದರೆ ಕರುಣೆ ಬರಲಿಲ್ಲ.

ಹಿಂದಿನ ಸಾಲುಗಳಿಂದ ಕೂಗು ಎದ್ದಿತು. "ಥೂ!" "ಅವನನ್ನೇ ಕಟ್ಟಿ ಚೌಕಟ್ಟಿಗೆ!" ಮನವಿಯ ಹಾಳೆಗಳಿದ್ದ ಮೇಜನ್ನು ಯಾರೋ ಒದೆಯಲು ಹೋದರು. ಮೂಗಿಗೆ ಬಟ್ಟೆ ಹಿಡಿದಿದ್ದ ಅಮ್ಮಣ್ಣಿಯೂ ಟೋಪಿಯ ಹೆಂಗಸರೂ ಎದ್ದು ಹೊರಟರು.

"ನಾನು ಹೇಳಿರಲಿಲ್ವಾ?" ಕ್ಯಾಪ್ಟನ್ ಒಬೆಡ್‌ಗೆ ತಗ್ಗಿದ ಧ್ವನಿಯಲ್ಲಿ ಅಂದ. "ಮುಗೀತು. ಚಾವಟಿ ನಿಲ್ಲಿಸೋ ಕಾನೂನು ಸತ್ತಿತು. ನಿನ್ನ ಕೈಯಾರೆ ಕೊಂದೆ."

ಅಷ್ಟರಲ್ಲಿ ಟ್ಯಾಮ್ಸಿನ್ ವೇದಿಕೆಯ ಮೇಲಿದ್ದಳು, ಆ ಮಾತು ಅವಳಿಗೂ ಕೇಳಿಸಿತ್ತು. ಒಬೆಡ್‌ನ ಕೈಯಿಂದ ಜಡೆಯನ್ನು ಕಿತ್ತುಕೊಂಡಳು. ಅವನ ಮುಖ ನೋಡಲಿಲ್ಲ. ಮನವಿಯ ಮೇಜಿನ ಹತ್ತಿರ ಹೋಗಿ, ಅದನ್ನು ಒದೆಯಲು ಬಂದವನನ್ನು ಒಂದೇ ಕೈಯಲ್ಲಿ ಹಿಂದಕ್ಕೆ ತಳ್ಳಿದಳು. ಈಗ ಗಂಟಲು ಬಂದಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ! ನನ್ನ ಗಂಡನ ಬೆನ್ನು ಇದೆ ಇದ್ರಲ್ಲಿ. ನಿಮ್ಮ ಗಂಡಂದಿರ ಬೆನ್ನೂ ಇದೆ." ಕ್ಯಾಪ್ಟನ್‌ನ ಕಡೆ ತಿರುಗಿದಳು. "ಕಾನೂನು ಸತ್ತಿತಾ? ನಿನ್ನ ಹೆಸರು ಕೆಟ್ರೆ ಕಾನೂನು ಯಾಕೆ ಸಾಯುತ್ತೆ? ಕಾನೂನೇನು ನಿಮ್ಮಪ್ಪನ ಮನೆ ಆಸ್ತಿನಾ? ಬರಿ. ಮೇಲ್ಗಡೆ ಬರಿ, ಎಲ್ಲರ ಹೆಸರಿಗಿಂತ ಮೇಲೆ. ಜಾಗೋ ಪೆಂಡರ್. ಯಾರು ಹೊಡೆಸಿದ್ದು ಅಂತ್ಲೂ ಬರಿ. ನಿನ್ನ ಕೈಲೇ ಬರಿ."

ಕ್ಯಾಪ್ಟನ್ ಲೇಖನಿ ಎತ್ತಿದ. ಜಾಗೋನ ಹೆಸರು ಬರೆದ, ಅಚ್ಚುಕಟ್ಟಾಗಿ, ಒಂದಕ್ಷರ ತಪ್ಪಿಲ್ಲದೆ. ನೆನಪಿಲ್ಲ ಎಂದಿದ್ದ ಹೆಸರು. ಅದರ ಪಕ್ಕ ತನ್ನದನ್ನು ಬರೆಯಲಾಗಲಿಲ್ಲ. ಲೇಖನಿ ಇಟ್ಟು, ಗಡಿಯಾರವನ್ನು ಅಲ್ಲೇ ಮರೆತು, ಪಕ್ಕದ ಬಾಗಿಲಿನಿಂದ ಹೊರಟುಹೋದ. ಟ್ಯಾಮ್ಸಿನ್ ಮೊದಲ ಗುರುತು ಹಾಕಿದಳು. ಅವಳ ಹಿಂದೆ ಬಂದರಿನವರು ಸಾಲು ನಿಂತರು. ಸಾಲಿನಲ್ಲಿ ಒಬೆಡ್ ನಿಲ್ಲಲಿಲ್ಲ. ಅವನನ್ನು ಯಾರೂ ಕರೆಯಲೂ ಇಲ್ಲ.

ಪತ್ರಿಕೆಗಳಲ್ಲಿ 'ಕುಡಿದ ಮುದುಕನಿಂದ ಸಭೆಗೆ ಭಂಗ' ಎಂದು ಬಂತು. ಸಹಿಗಳ ವಿಷಯ ಬರಲಿಲ್ಲ.

ಟ್ಯಾಮ್ಸಿನ್ ಶೆಡ್ಡಿಗೆ ಬರಲಿಲ್ಲ. ಒಂದು ದಿನ, ಎರಡು ದಿನ, ಎಂಟು ದಿನ. ದಕ್ಕೆಯ ಆ ತುದಿಯಲ್ಲಿ ಅವಳ ಕೂಗು ಕೇಳಿಸುತ್ತಿತ್ತು, ಶೆಡ್ಡಿನ ಮುಂದೆ ಬಂದಾಗ ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಒಬೆಡ್ ಅದನ್ನೂ ಅನುಭವಿಸಿದ. ತನಗೆ ಬರಬೇಕಾದ್ದೇ ಎಂದುಕೊಂಡು ಹಗ್ಗ ಬಿಚ್ಚಿದ. ಜಾಗೋ ಕೂಡ ಬರಲಿಲ್ಲ. ಆ ಭಾನುವಾರ ಶೆಡ್ಡು ಎಷ್ಟು ಖಾಲಿಯಾಗಿತ್ತೆಂದರೆ ಮುದುಕನಿಗೆ ಮೊದಲ ಸಲ ಭಯವಾಯಿತು.

ಅದರ ಮುಂದಿನ ಭಾನುವಾರ, ಊಟ ಮುಗಿದ ಹೊತ್ತಿಗೆ, ಬಾಗಿಲಲ್ಲಿ ನೆರಳು ಬಿತ್ತು. ಟ್ಯಾಮ್ಸಿನ್. ಬುಟ್ಟಿಯಿರಲಿಲ್ಲ.

"ಲೆಕ್ಕ ತಪ್ಪಿದ್ಯಾ ಅವತ್ತು?" ಎಂದಳು. "ನಲವತ್ತಾರು ಅಂದೆ."

"ಇಲ್ಲ."

"ಬೇಕೂಂತ ಅಂದ್ಯಾ?"

"ಹೂಂ. ಒಂದೊಂದೂ ಗೊತ್ತು ನಂಗೆ."

ಅವಳು ಒಳಗೆ ಬಂದಳು. ಮಡಿಲಿನಿಂದ ಜಡೆ ತೆಗೆದಳು. ಅರ್ಧಕ್ಕರ್ಧ ಬಿಚ್ಚಿಹೋಗಿತ್ತು. ತುದಿಯಲ್ಲಿ ಹಲ್ಲಿನ ಗುರುತಿದ್ದ ಕಡೆ ಮಾತ್ರ ಇನ್ನೂ ಕೂಡಿಕೊಂಡಿತ್ತು.

"ನೋಡ್ತಾ ನೋಡ್ತಾ ಬಿಚ್ಕೊಂಡು ಹೋಗ್ತಿದೆ. ಹಳೇದು. ನಾನು ಹೆಣೆದ್ರೆ ನಿಲ್ಲಲ್ಲ. ಆ ಹೆಣಿಗೆ ನಿಂಗೊಬ್ಬನಿಗೇ ಗೊತ್ತಿರೋದು."

ಒಬೆಡ್ ಎರಡೂ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಈ ಕೈಲಿ ಬೇಡ ಮಗಳೇ."

"ಯಾವ ಕೈ ಅಂತ ಗೊತ್ತಿದ್ದೇ ಬಂದಿದೀನಿ. ಅದ್ರಲ್ಲೇ ಕಟ್ಟು. ಕ್ಷಮಿಸಿಬಿಟ್ಳು ಅಂದ್ಕೋಬೇಡ. ಕ್ಷಮಿಸಿಲ್ಲ. ನಾಳೆ ಸೀಗಡಿನೂ ತರಲ್ಲ." ಅವಳು ಅವನ ಮುಂದೆ ನೆಲದ ಮೇಲೆ, ಜಾಗೋ ಕೂರುತ್ತಿದ್ದ ಜಾಗದಲ್ಲೇ ಕೂತಳು. ಬೆನ್ನು ಮಾಡಿ ಅಲ್ಲ. ಎದುರಿಗೆ, ಕಣ್ಣಲ್ಲಿ ಕಣ್ಣಿಟ್ಟು. ಜಡೆಯ ಬುಡವನ್ನು ತಾನು ಹಿಡಿದುಕೊಂಡು ಉಳಿದದ್ದನ್ನು ಅವನ ತೊಡೆಯ ಮೇಲೆ ಹಾಕಿದಳು.

ಮೂವತ್ತಾರು ವರ್ಷದ ಮೇಲೆ ಒಬೆಡ್ ಪಾಸ್ಕೋ ಆ ಜಡೆಯ ಮೂರು ಎಳೆ ಬಿಡಿಸಿ ಹಿಡಿದ. ಎಡದ್ದನ್ನು ನಡುವಿಗೆ ತಂದ. ಬಲದ್ದನ್ನು ನಡುವಿಗೆ ತಂದ. ಎಳೆಗಳನ್ನು ಸಡಿಲವಾಗಿಯೇ ಬಿಟ್ಟ.

ಅವಳು ತನ್ನ ಕಡೆಯಿಂದ ಒಮ್ಮೆ ಜಗ್ಗಿದಳು.

"ಬಿಗಿಯಾಗಿ ಕಟ್ಟು," ಎಂದಳು.